ಬೆನೆಡಿಕ್ಟ್ ದ್ರಾವಣ ಕೇಳುವ ಪ್ರಶ್ನೆ

ಹಾಲಿಗೆ ನೀರು ಬೆರೆಸುವವರು ಲ್ಯಾಕ್ಟೋಮೀಟರಿನ ಕಣ್ಣು ತಪ್ಪಿಸಲು ಒಂದಿಷ್ಟು ಸಕ್ಕರೆಯನ್ನೂ ಬೆರೆಸುವುದುಂಟು. ನೀರಿನಿಂದ ಇಳಿದ ಸಾಂದ್ರತೆ ಸಕ್ಕರೆಯಿಂದ ಮತ್ತೆ ಏರುತ್ತದೆ. ಈ ಮೋಸವನ್ನು ಹಿಡಿಯಲು ಕಾಲೇಜಿನ ಪ್ರಯೋಗಾಲಯದಲ್ಲಿ ಕಲಿತ 'ಸಕ್ಕರೆ ಪರೀಕ್ಷೆ'ಯನ್ನೇ ನೆಚ್ಚಿಕೊಂಡು ಯಾರಾದರೂ ಬೆನೆಡಿಕ್ಟ್ ದ್ರಾವಣದ ಬಾಟಲಿಗೆ ಕೈಹಾಕಿದರೆ ಫಲಿತಾಂಶ ತಲೆಕೆಳಗಾಗುತ್ತದೆ. ಏನೂ ಬೆರೆಸದ ಅಪ್ಪಟ ಹಾಲೇ ದ್ರಾವಣವನ್ನು ಕೆಂಪಾಗಿಸುತ್ತದೆ, ಏಕೆಂದರೆ ಹಾಲಿನಲ್ಲಿ ಹುಟ್ಟಿನಿಂದಲೇ ನೂರಕ್ಕೆ ನಾಲ್ಕೂವರೆಯಿಂದ ಐದರಷ್ಟು ಲ್ಯಾಕ್ಟೋಸ್ ಇರುತ್ತದೆ. ಅಂಗಡಿಯಿಂದ ತಂದು ಬೆರೆಸಿದ ಸಕ್ಕರೆ ಮಾತ್ರ ಬಾಯಿ ಬಿಡುವುದಿಲ್ಲ. ಪ್ರಾಮಾಣಿಕನ ಮೇಲೆ ಕೂಗಾಡಿ ಕಳ್ಳನೆದುರು ಸುಮ್ಮನಾಗುವ ಪರೀಕ್ಷೆಯಿದು. ಹಾಗಾಗಿ ಡೇರಿಯ ಪ್ರಯೋಗಾಲಯದಲ್ಲಿ ಈ ಕೆಲಸಕ್ಕೆ ಬಳಸುವುದು ರಿಸಾರ್ಸಿನಾಲ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಬೇರೆಯೇ ಪರೀಕ್ಷೆಯನ್ನು. ಬೆನೆಡಿಕ್ಟ್ ದ್ರಾವಣ ಇಲ್ಲಿ ಸುಳ್ಳು ಹೇಳಿತೆನ್ನಲು ಬರುವುದಿಲ್ಲ. ಅದಕ್ಕೆ ಗೊತ್ತಿರುವ ಪ್ರಶ್ನೆ ಒಂದೇ: ಬಿಸಿಯಾದ ಕ್ಷಾರದಲ್ಲಿ ತಾಮ್ರಕ್ಕೆ ಎಲೆಕ್ಟ್ರಾನ್ ಕೊಡಬಲ್ಲವರು ಇಲ್ಲಿ ಯಾರಾದರೂ ಇದ್ದಾರೆಯೇ? ಅದಕ್ಕೆ ಬಂದ ಉತ್ತರವನ್ನು ನಾವು 'ಸಕ್ಕರೆ ಇದೆ', 'ಗ್ಲೂಕೋಸ್ ಇದೆ', 'ಸಕ್ಕರೆ ಕಾಯಿಲೆ ಇದೆ' ಎಂದೆಲ್ಲ ಓದಿಕೊಳ್ಳುತ್ತೇವೆ. ಹೀಗೆ ಎಲೆಕ್ಟ್ರಾನ್ ಕೊಡಬಲ್ಲ ಸಕ್ಕರೆಗಳ, ಅಂದರೆ ಅಪಕರ್ಷಕ ಸಕ್ಕರೆಗಳ ಪರೀಕ್ಷೆಗಳಿಗೆ ಹೆಚ್ಚುಕಡಿಮೆ ಎರಡು ಶತಮಾನಗಳ ಇತಿಹಾಸವಿದೆ. ಆ ಇತಿಹಾಸವೆಲ್ಲ ದ್ರಾವಣ ಕೇಳುವ ಪ್ರಶ್ನೆಗೂ ನಮಗೆ ಬೇಕಾದ ಉತ್ತರಕ್ಕೂ ನಡುವೆ ಇರುವ ಈ ಅಂತರದೊಡನೆ ನಡೆಸಿದ ಸೆಣಸಾಟ. ಪರೀಕ್ಷೆಯೊಂದರ ಬೆಲೆಯನ್ನು ಅದರ ಹೊಸತನದಿಂದಾಗಲಿ ಸೂಕ್ಷ್ಮತೆಯಿಂದಾಗಲಿ ಕಟ್ಟಲಾಗದು, ಅದು ಯಾವ ಪ್ರಶ್ನೆ ಕೇಳುತ್ತಿದೆ ಎಂಬುದನ್ನು ತಿಳಿದೇ ಕಟ್ಟಬೇಕು ಎಂಬುದು ಈ ಲೇಖನದ ವಾದ.

ಮೊದಲು ಆ ಎಲೆಕ್ಟ್ರಾನ್ ವ್ಯವಹಾರವನ್ನು ನೋಡೋಣ. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವವರಿಗೆಲ್ಲ ಪರಿಚಯವಿರುವ ಮೈಲುತುತ್ತವೇ ಇಲ್ಲಿನ ತಾಮ್ರದ ಮೂಲ. ಅದರ ನೀಲಿ, ಎರಡು ಎಲೆಕ್ಟ್ರಾನ್ ಕಳೆದುಕೊಂಡ ತಾಮ್ರದ ಬಣ್ಣ. ಸಕ್ಕರೆ ಅದಕ್ಕೊಂದು ಎಲೆಕ್ಟ್ರಾನ್ ಹಿಂದಿರುಗಿಸಿದರೆ ಕ್ಯೂಪ್ರಸ್ ಆಕ್ಸೈಡ್ ಇಟ್ಟಿಗೆ ಬಣ್ಣದ ಗಷ್ಟಾಗಿ ತಳಕ್ಕಿಳಿಯುತ್ತದೆ. ಈ ಕೊಡುಗೆಗೆ ಸಕ್ಕರೆಯ ಅಣುವಿನಲ್ಲಿ ಒಂದು ತೆರೆದ ತುದಿ ಬೇಕು. ಗ್ಲೂಕೋಸ್ ನೀರಿನಲ್ಲಿ ಬಹುಪಾಲು ಉಂಗುರದ ರೂಪದಲ್ಲೇ ಇರುತ್ತದೆ. ಉಂಗುರ ಬಿಚ್ಚಿ ಆಲ್ಡಿಹೈಡ್ ತುದಿಯನ್ನು ಹೊರಚಾಚಿದ ಅಣುಗಳು ಹತ್ತು ಸಾವಿರಕ್ಕೆ ಒಂದೂ ಸಿಗುವುದಿಲ್ಲ. ಆದರೂ ಪರೀಕ್ಷೆ ನಡೆಯುತ್ತದೆ, ಏಕೆಂದರೆ ಬಿಚ್ಚಿದ ಅಣು ಖರ್ಚಾದಂತೆಲ್ಲ ಅದರ ಜಾಗ ತುಂಬಲು ಇನ್ನೊಂದು ಉಂಗುರ ಬಿಚ್ಚಿಕೊಳ್ಳುತ್ತದೆ. ಅಂಗಡಿಯ ಸಕ್ಕರೆಯಾದ ಸುಕ್ರೋಸಿನಲ್ಲಿ ಗ್ಲೂಕೋಸಿನ ತುದಿಯೂ ಫ್ರಕ್ಟೋಸಿನ ತುದಿಯೂ ಪರಸ್ಪರ ಕೈ ಹಿಡಿದು ಬೀಗ ಜಡಿದುಕೊಂಡಿವೆ. ಬಿಚ್ಚಲು ತುದಿಯೇ ಉಳಿದಿಲ್ಲವಾದ್ದರಿಂದ ಅದು ತಾಮ್ರದೆದುರು ಮೂಕ. ಲ್ಯಾಕ್ಟೋಸ್, ಮಾಲ್ಟೋಸ್‌ಗಳಲ್ಲಿ ಒಂದು ತುದಿ ಮುಕ್ತವಾಗಿ ಉಳಿದಿದೆ. ಪಿಷ್ಟದ ಉದ್ದನೆಯ ಸರಪಳಿಯಲ್ಲೂ ಅಂಥದೊಂದು ತುದಿ ಇದೆ. ಆದರೆ ನೂರಾರು, ಸಾವಿರಾರು ಕೊಂಡಿಗಳಿಗೆ ಒಂದೇ ತುದಿಯೆಂದರೆ ಪರೀಕ್ಷೆಯ ಕಣ್ಣಿಗೆ ಅದು ಇಲ್ಲದಂತೆಯೇ. ಮಿಠಾಯಿಗೆ ಬಳಸುವ ಲಿಕ್ವಿಡ್ ಗ್ಲೂಕೋಸ್ ತಯಾರಕರು ಪಿಷ್ಟಕ್ಕೆ ಹೆಚ್ಚುಕಡಿಮೆ ಸೊನ್ನೆ, ಗ್ಲೂಕೋಸಿಗೆ ನೂರು ಎಂಬ ಮಾಪನದಲ್ಲಿ ತಮ್ಮ ಸರಕನ್ನು ಅಳೆಯುತ್ತಾರೆ. ಅಂದರೆ ಅಪಕರ್ಷಕ ಗುಣವೆಂಬುದು ಕೇವಲ ಇದೆ ಅಥವಾ ಇಲ್ಲ ಎಂಬ ಸಂಗತಿಯಲ್ಲ, ಅದರಲ್ಲಿ ಹೆಚ್ಚು ಕಡಿಮೆಯೂ ಉಂಟು.

ಪಠ್ಯಪುಸ್ತಕಗಳು ಇದನ್ನು 'ಆಲ್ಡಿಹೈಡ್ ಪರೀಕ್ಷೆ' ಎಂದು ಸರಳಗೊಳಿಸುತ್ತವೆ. ಆ ಸರಳತೆಯೂ ಪೂರ್ತಿ ನಿಲ್ಲುವುದಿಲ್ಲ. ಬಾದಾಮಿಯ ಪರಿಮಳದ ಬೆನ್‌ಜಾಲ್ಡಿಹೈಡ್ ಹೆಸರಿನಲ್ಲೇ ಆಲ್ಡಿಹೈಡ್ ಆದರೂ ತಾಮ್ರದ ಇನ್ನೊಂದು ಪರೀಕ್ಷಾ ದ್ರಾವಣವಾದ ಫೆಹ್ಲಿಂಗ್ ದ್ರಾವಣವನ್ನು ಕೆಂಪಾಗಿಸುವುದಿಲ್ಲ. ಫ್ರಕ್ಟೋಸಿನಲ್ಲಿ ಆಲ್ಡಿಹೈಡ್ ಇಲ್ಲ, ಇರುವುದು ಕೀಟೋನ್. ಆದರೂ ಅದು ಗ್ಲೂಕೋಸಿನಷ್ಟೇ ಚುರುಕಾಗಿ ಕೆಂಪು ತರಿಸುತ್ತದೆ. ಕಾರಣ ಕ್ಷಾರದಲ್ಲಿದೆ. ಲೋಬ್ರಿ ಡಿ ಬ್ರೂಯ್ನ್ ಮತ್ತು ವಾನ್ ಏಕೆನ್‌ಸ್ಟೈನ್ ಎಂಬ ಡಚ್ ರಸಾಯನ ವಿಜ್ಞಾನಿಗಳು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ತೋರಿಸಿಕೊಟ್ಟಂತೆ, ಕ್ಷಾರದಲ್ಲಿ ಗ್ಲೂಕೋಸ್, ಫ್ರಕ್ಟೋಸ್, ಮ್ಯಾನೋಸ್‌ಗಳು ಒಂದು ಇನ್ನೊಂದಾಗಿ ಬದಲಾಗುತ್ತ ಹೋಗುತ್ತವೆ. ದಾರಿಯ ನಡುವೆ ಅವೆಲ್ಲ ಹಾದುಹೋಗುವ ಎನ್‌ಡಯಾಲ್ ಎಂಬ ರೂಪ ಎಲೆಕ್ಟ್ರಾನ್ ಕೊಡುವುದರಲ್ಲಿ ಬಲು ಧಾರಾಳಿ. ಪ್ರನಾಳದೊಳಗೆ ನಾವು ಹಾಕಿದ ಸಕ್ಕರೆ, ಪರೀಕ್ಷೆ ಶುರುವಾದ ಗಳಿಗೆಯಿಂದಲೇ ನಾವು ಹಾಕಿದ ಸಕ್ಕರೆಯಾಗಿ ಉಳಿದಿರುವುದಿಲ್ಲ.

ಇದಕ್ಕೆ ಕೈಗೆ ಸಿಗುವ ಪುರಾವೆ ಒಂದು ಸಣ್ಣ ಲೆಕ್ಕದಲ್ಲಿದೆ. ಕರಿಹಲಗೆಯ ಮೇಲೆ ಬರೆಯುವ ಸಮೀಕರಣದ ಪ್ರಕಾರ ಒಂದು ಗ್ಲೂಕೋಸ್ ಅಣು ಎರಡು ತಾಮ್ರದ ಅಯಾನುಗಳನ್ನು ಅಪಕರ್ಷಿಸಿ ತಾನು ಗ್ಲೂಕೋನಿಕ್ ಆಮ್ಲವಾಗುತ್ತದೆ. ಈಗ ಪ್ರಯೋಗಾಲಯದ ಮಾತು ಕೇಳಿ. ಫೆಹ್ಲಿಂಗ್ ದ್ರಾವಣ ಎ, ಬಿ ಎಂಬ ಎರಡು ಭಾಗಗಳದು; ತಾಮ್ರವಿರುವ ಎ ದ್ರಾವಣದ ಅರ್ಧ ಲೀಟರಿನಲ್ಲಿ 34.64 ಗ್ರಾಂ ಮೈಲುತುತ್ತ ಇರುತ್ತದೆ. ಅದನ್ನೂ ಕ್ಷಾರವಿರುವ ಬಿ ದ್ರಾವಣವನ್ನೂ ಸಮನಾಗಿ ಬೆರೆಸಿ 10 ಮಿಲಿಲೀಟರ್ ತೆಗೆದುಕೊಂಡರೆ ಅದರ ನೀಲಿಯೆಲ್ಲ ಮಾಯವಾಗಲು 0.05 ಗ್ರಾಂ ಗ್ಲೂಕೋಸ್ ಸಾಕು. ತಲೆಮಾರುಗಳಿಂದ ವಿಶ್ಲೇಷಕರು ನಂಬಿಕೊಂಡು ಬಂದ ಅಂಕಿ ಇದು. ಇವೆರಡನ್ನೂ ಅಣುಗಳ ಲೆಕ್ಕಕ್ಕೆ ಇಳಿಸಿದರೆ ಒಂದು ಗ್ಲೂಕೋಸಿಗೆ ಸಿಗುವುದು ಎರಡಲ್ಲ, ಸುಮಾರು ಐದು ತಾಮ್ರದ ಅಯಾನು. ಅಷ್ಟೇ ದ್ರಾವಣಕ್ಕೆ ಲ್ಯಾಕ್ಟೋಸ್ ಸುಮಾರು 0.068 ಗ್ರಾಂ ಬೇಕು. ಅಲ್ಲಿಯ ಲೆಕ್ಕ ಅಣುವೊಂದಕ್ಕೆ ಏಳರಷ್ಟು. ಒಂದೇ ಮುಕ್ತ ತುದಿ ಇರುವ ಅಣು ಏಳು ಅಯಾನುಗಳಿಗೆ ಎಲೆಕ್ಟ್ರಾನ್ ಎಲ್ಲಿಂದ ತಂದಿತು? ಬಿಸಿ ಕ್ಷಾರ ಸಕ್ಕರೆಯನ್ನು ಚೂರುಚೂರು ಮಾಡುತ್ತದೆ, ಚೂರುಗಳೂ ಅಪಕರ್ಷಕಗಳೇ. ಯಾವ ಚೂರು ಎಷ್ಟು ಹುಟ್ಟಿತು ಎಂಬುದು ಕ್ಷಾರದ ತೀಕ್ಷ್ಣತೆ, ಬಿಸಿ, ಕುದಿಸಿದ ಸಮಯ ಎಲ್ಲವನ್ನೂ ಅವಲಂಬಿಸಿದೆ. ಲೇನ್ ಮತ್ತು ಐನನ್ 1923ರಲ್ಲಿ ಮೆಥಿಲೀನ್ ಬ್ಲೂ ಸೂಚಕದೊಂದಿಗೆ ರೂಪಿಸಿದ, ಇಂದಿಗೂ ಸಕ್ಕರೆ ಕಾರ್ಖಾನೆಗಳಲ್ಲಿ ಚಾಲ್ತಿಯಲ್ಲಿರುವ ವಿಧಾನ ಕುದಿಯುವ ಹೊತ್ತನ್ನು ನಿಮಿಷಗಳಲ್ಲಿ ಕಟ್ಟಿಹಾಕುವುದು, ಸಮೀಕರಣವನ್ನು ಬದಿಗಿಟ್ಟು ಸಿದ್ಧ ಕೋಷ್ಟಕಗಳನ್ನು ನೋಡಿ ಎನ್ನುವುದು ಇದೇ ಕಾರಣಕ್ಕೆ. ಈ ಪರೀಕ್ಷೆ ನಿಖರವಾಗಿರುವುದು ರಾಸಾಯನಿಕ ಕ್ರಿಯೆ ಅಚ್ಚುಕಟ್ಟಾಗಿರುವುದರಿಂದಲ್ಲ, ಅದರ ಅಚ್ಚುಕಟ್ಟಿಲ್ಲದ ನಡೆಯನ್ನು ಪ್ರತಿ ಸಲವೂ ಒಂದೇ ಬಗೆಯಲ್ಲಿ ನಡೆಯುವಂತೆ ಮನುಷ್ಯ ಶಿಸ್ತಿಗೆ ಒಳಪಡಿಸಿದ್ದರಿಂದ.

ಈ ದೃಷ್ಟಿಯಿಂದ ನೋಡಿದರೆ ತಾಮ್ರದ ಪರೀಕ್ಷೆಗಳ ಚರಿತ್ರೆ ಒಂದೇ ದ್ರಾವಣಕ್ಕೆ ಮತ್ತೆಮತ್ತೆ ಮಾಡಿದ ರಿಪೇರಿಯಂತೆ ಕಾಣುತ್ತದೆ. 1841ರಲ್ಲಿ ಟ್ರೋಮರ್ ಮೈಲುತುತ್ತಕ್ಕೆ ಬರೀ ಕ್ಷಾರ ಸೇರಿಸಿ ದ್ರಾಕ್ಷಿ ಸಕ್ಕರೆಯನ್ನು ಕಬ್ಬಿನ ಸಕ್ಕರೆಯಿಂದ ಬೇರ್ಪಡಿಸಿ ತೋರಿಸಿದರು. ಆದರೆ ಸಕ್ಕರೆ ಕಡಿಮೆಯಿದ್ದಾಗ ತಾಮ್ರದ ಹೈಡ್ರಾಕ್ಸೈಡ್ ಬಿಸಿಗೆ ಕಪ್ಪಾಗಿ ಕೆಂಪನ್ನೇ ಮುಚ್ಚಿಹಾಕುತ್ತಿತ್ತು. ಫ್ರಾನ್ಸಿನ ಬಾರೆಸ್ವಿಲ್ 1844ರಲ್ಲಿ ಟಾರ್ಟರೇಟ್ ಸೇರಿಸಿ ತಾಮ್ರವನ್ನು ಕ್ಷಾರದಲ್ಲೂ ಕರಗಿರುವಂತೆ ಹಿಡಿದಿಟ್ಟರು. ಜರ್ಮನಿಯ ಹೆರ್ಮನ್ ಫಾನ್ ಫೆಹ್ಲಿಂಗ್ 1849ರಲ್ಲಿ ಅದನ್ನು ಅಳತೆಯ ಪರೀಕ್ಷೆಯಾಗಿಸಿದರು. ಫೆಹ್ಲಿಂಗ್ ದ್ರಾವಣವನ್ನು ಬೆರೆಸಿ ಇಡುವಂತಿಲ್ಲ, ಎರಡು ಬಾಟಲಿಗಳಲ್ಲಿ ಬೇರೆ ಇಟ್ಟು ಬೇಕಾದಾಗ ಸೇರಿಸಬೇಕು. ಮೇಲಾಗಿ ಅದರ ತೀಕ್ಷ್ಣ ಕ್ಷಾರ, ಸ್ವಲ್ಪವೇ ಸಕ್ಕರೆ ಇದ್ದರೆ ಅದು ತಾಮ್ರವನ್ನು ಮುಟ್ಟುವ ಮೊದಲೇ ಹಾಳುಮಾಡಿಬಿಡುತ್ತದೆ. ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟ್ 1908-09ರ ಹೊತ್ತಿಗೆ ಟಾರ್ಟರೇಟಿನ ಜಾಗಕ್ಕೆ ಸಿಟ್ರೇಟನ್ನೂ ಕಾಸ್ಟಿಕ್ ಸೋಡಾದ ಜಾಗಕ್ಕೆ ಸೋಡಿಯಂ ಕಾರ್ಬೋನೇಟನ್ನೂ ತಂದರು. ಲೀಟರಿಗೆ 17.3 ಗ್ರಾಂ ಮೈಲುತುತ್ತವಿರುವ ಈ ಒಂದೇ ಬಾಟಲಿಯ ದ್ರಾವಣ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಕ್ಷಾರ ಸೌಮ್ಯವಾದ್ದರಿಂದ ಅದರ ಸೂಕ್ಷ್ಮತೆ ಹೆಚ್ಚಿತು, ಮೂತ್ರದಲ್ಲಿರುವ ಯೂರಿಕ್ ಆಮ್ಲ, ಕ್ರಿಯಾಟಿನಿನ್‌ಗಳ ಕಾಟ ತಗ್ಗಿತು. ಈ ಪ್ರತಿಯೊಂದು ಸುಧಾರಣೆಯೂ ದೊಡ್ಡದೇ. ಆದರೂ ಪ್ರಶ್ನೆ ಬದಲಾಗಲಿಲ್ಲ. ಟ್ರೋಮರ್ ಕೇಳಿದ್ದನ್ನೇ ಬೆನೆಡಿಕ್ಟರೂ ಇನ್ನಷ್ಟು ಸ್ಪಷ್ಟ ದನಿಯಲ್ಲಿ ಕೇಳಿದರು.

ಪ್ರಶ್ನೆಯನ್ನೇ ಕಿರಿದು ಮಾಡಲು ಹೊರಟವರು ಬೇರೆ. ಡೆನ್ಮಾರ್ಕಿನ ಬಾರ್ಫೋಡ್ 1873ರಲ್ಲಿ ಕ್ಷಾರವನ್ನು ಬಿಟ್ಟು ಅಸಿಟಿಕ್ ಆಮ್ಲದಲ್ಲಿ ತಾಮ್ರವನ್ನಿಟ್ಟರು. ಆ ಕಷ್ಟದ ವಾತಾವರಣದಲ್ಲಿ ಗ್ಲೂಕೋಸಿನಂಥ ಒಂಟಿ ಸಕ್ಕರೆಗಳು ಎರಡು ಮೂರು ನಿಮಿಷಗಳಲ್ಲಿ ಉತ್ತರ ಕೊಡುತ್ತವೆ, ಲ್ಯಾಕ್ಟೋಸಿನಂಥ ಜೋಡಿ ಸಕ್ಕರೆಗಳು ತಡವರಿಸುತ್ತವೆ. ಹಾಲಿಗೆ ಗ್ಲೂಕೋಸ್ ಪುಡಿ ಬೆರೆಸಿದ್ದನ್ನು ಹಿಡಿಯಲು ಇದೇ ತತ್ತ್ವದ ಮಾರ್ಪಡಿಸಿದ ಬಾರ್ಫೋಡ್ ಕಾರಕ ಬಳಕೆಯಲ್ಲಿದೆ. ಹಾಲಿನ ಸಹಜ ಲ್ಯಾಕ್ಟೋಸ್ ಸುಮ್ಮನಿರುವಾಗ ಬೆರೆಸಿದ ಗ್ಲೂಕೋಸ್, ಈ ಕಾರಕದಲ್ಲಿ 'ಇದೆ' ಎಂಬುದರ ಗುರುತಾದ ನೀಲಿ ತೋರಿಸಿ ಸಿಕ್ಕಿಬೀಳುತ್ತದೆ. ಆದರೆ ಇಲ್ಲಿ ಗಡಿಯಾರವೇ ಅರ್ಧ ಪರೀಕ್ಷೆ. ಹೆಚ್ಚು ಹೊತ್ತು ಕುದಿಸಿದರೆ ಆಮ್ಲವು ಜೋಡಿಗಳನ್ನು ಒಡೆದು, ಇಲ್ಲದ ಒಂಟಿ ಸಕ್ಕರೆಯನ್ನು ಹುಟ್ಟಿಸುತ್ತದೆ. ಎಮಿಲ್ ಫಿಷರ್ ಹಿಡಿದ ದಾರಿ ಇನ್ನೂ ಭಿನ್ನ. ತಾವೇ ಕಂಡುಹಿಡಿದ ಫಿನೈಲ್‌ಹೈಡ್ರಜೀನ್ ಬಳಸಿ 1884ರಲ್ಲಿ ಅವರು ಸಕ್ಕರೆಗಳಿಂದ ಓಸಜೋನ್ ಎಂಬ ಹಳದಿ ಹರಳುಗಳನ್ನು ಪಡೆದರು. ಲ್ಯಾಕ್ಟೋಸ್, ಮಾಲ್ಟೋಸ್, ಗ್ಲೂಕೋಸ್‌ಗಳ ಹರಳುಗಳು ಸೂಕ್ಷ್ಮದರ್ಶಕದಡಿ ಬೇರೆ ಬೇರೆ ಆಕಾರದಲ್ಲಿ ಕಾಣುತ್ತವೆ. ಆದರೆ ಗ್ಲೂಕೋಸ್, ಫ್ರಕ್ಟೋಸ್, ಮ್ಯಾನೋಸ್ ಮೂರೂ ಒಂದೇ ಓಸಜೋನನ್ನು ಕೊಟ್ಟವು. ಗುರುತು ಹಿಡಿಯುವ ಪರೀಕ್ಷೆಯಾಗಿ ಇದು ಸೋಲು. ಫಿಷರ್ ಆ ಸೋಲನ್ನೇ ಓದಿದರು: ಮೊದಲೆರಡು ಇಂಗಾಲಗಳ ವ್ಯತ್ಯಾಸವನ್ನು ಈ ಕ್ರಿಯೆ ಅಳಿಸಿಹಾಕುವುದರಿಂದ, ಹರಳು ಒಂದೇ ಆದರೆ ಉಳಿದ ಇಂಗಾಲಗಳ ಜೋಡಣೆಯೂ ಒಂದೇ ಆಗಿರಬೇಕು. ಸಕ್ಕರೆಗಳ ರಚನೆಯನ್ನು ಬಿಡಿಸಿ 1902ರ ನೊಬೆಲ್ ಪಡೆದ ಕೆಲಸಕ್ಕೆ ಇದೂ ಒಂದು ಮೆಟ್ಟಿಲು. ಪರೀಕ್ಷೆಗೆ ಏನು ಕಾಣುವುದಿಲ್ಲ ಎಂಬುದು ಗೊತ್ತಿದ್ದವರಿಗೆ ಅದರ ಕುರುಡೂ ಜ್ಞಾನವೇ.

ಈ ಪರೀಕ್ಷೆಗಳು ಜನಜೀವನಕ್ಕೆ ಅತಿ ಹತ್ತಿರ ಬಂದದ್ದು ಮೂತ್ರದ ಮೂಲಕ. ಮೂತ್ರದ ಸಿಹಿಯನ್ನೂ ಅದಕ್ಕೆ ಮುತ್ತುವ ಇರುವೆಗಳನ್ನೂ ಗಮನಿಸಿ 'ಮಧುಮೇಹ' ಎಂದು ಹೆಸರಿಟ್ಟ ವೈದ್ಯಪರಂಪರೆ ನಮ್ಮದು. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಹದಿನೇಳನೇ ಶತಮಾನದಲ್ಲಿ ಅದೇ ಸಿಹಿಯನ್ನು ದಾಖಲಿಸಿದರು. ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ 1776ರಲ್ಲಿ ಮೂತ್ರವನ್ನು ಬತ್ತಿಸಿ ಉಳಿದ ಸಕ್ಕರೆಯನ್ನೇ ಕಣ್ಣಿಗೆ ತೋರಿಸಿದರು. ನಾಲಿಗೆಯ ಕೆಲಸವನ್ನು ತಾಮ್ರ ವಹಿಸಿಕೊಂಡಾಗ ಅನುಕೂಲ ಬಹಳವಾಯಿತು. ಐದು ಮಿಲಿಲೀಟರ್ ಬೆನೆಡಿಕ್ಟ್ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕುದಿಸಿದರೆ ನೀಲಿ, ಹಸಿರು, ಹಳದಿ, ಕಿತ್ತಳೆ, ಇಟ್ಟಿಗೆಗೆಂಪು ಎಂದು ಬಣ್ಣಗಳೇ ಅಂದಾಜು ಪ್ರಮಾಣ ಹೇಳುತ್ತವೆ. ಆದರೆ ಒಂದು ವಿಚಿತ್ರವೂ ನಡೆಯಿತು. ನಾಲಿಗೆಗೆ ಸಿಹಿ ಮತ್ತು ಸಪ್ಪೆಯ ಭೇದ ಗೊತ್ತಿತ್ತು, ತಾಮ್ರಕ್ಕೆ ಅದು ಗೊತ್ತಿಲ್ಲ. ವಿಟಮಿನ್ ಸಿ, ಕೆಲವು ಆಂಟಿಬಯಾಟಿಕ್‌ಗಳು, ಬಾಣಂತಿಯ ಮೂತ್ರಕ್ಕೆ ಇಳಿಯುವ ಲ್ಯಾಕ್ಟೋಸ್ ಇವೆಲ್ಲ ದ್ರಾವಣದ ಬಣ್ಣ ಬದಲಿಸಬಲ್ಲವು. ಆರ್ಚಿಬಾಲ್ಡ್ ಗ್ಯಾರಡ್ 1902ರಲ್ಲಿ ಆನುವಂಶಿಕವೆಂದು ಗುರುತಿಸಿದ ಆಲ್ಕಾಪ್ಟೋನೂರಿಯ ಇರುವವರ ಮೂತ್ರದಲ್ಲಿನ ಹೋಮೋಜೆಂಟಿಸಿಕ್ ಆಮ್ಲವೂ ತಾಮ್ರವನ್ನು ಅಪಕರ್ಷಿಸುತ್ತದೆ, ಅದಕ್ಕೂ ಸಕ್ಕರೆಗೂ ಸಂಬಂಧವೇ ಇಲ್ಲ. ಎದುರು ಬದಿಯ ತಪ್ಪೂ ಇದೆ. ರಕ್ತದ ಗ್ಲೂಕೋಸ್ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟುವವರೆಗೆ ಮೂತ್ರಪಿಂಡ ಅದನ್ನು ಹೊರಬಿಡುವುದಿಲ್ಲವಾದ್ದರಿಂದ, ನೀಲಿಯಾಗಿಯೇ ಉಳಿದ ದ್ರಾವಣ ಕಾಯಿಲೆ ಇಲ್ಲವೆಂಬುದಕ್ಕೆ ಸಾಕ್ಷಿಯಾಗದು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಗ್ಲೂಕೋಸನ್ನು ಮಾತ್ರ ಗುರುತಿಸುವ ಕಿಣ್ವದ ಪಟ್ಟಿಗಳು 1956ರಿಂದಲೇ ಮಾರುಕಟ್ಟೆಯಲ್ಲಿವೆ, ಮನೆಮನೆಯಲ್ಲಿ ಗ್ಲೂಕೋಮೀಟರ್ ಇದೆ, ಹೀಗಿರುವಾಗ ಈ ಹಳೆಯ ದ್ರಾವಣಗಳ ಚರ್ಚೆಯೇಕೆ? ಆಕ್ಷೇಪದಲ್ಲಿ ಹುರುಳಿದೆ. ಸಕ್ಕರೆ ಕಾಯಿಲೆಯ ಪತ್ತೆಗೆ, ನಿಗಾಕ್ಕೆ ಬೆನೆಡಿಕ್ಟ್ ದ್ರಾವಣವನ್ನು ಇಂದು ಯಾರೂ ಸಮರ್ಥಿಸಬೇಕಿಲ್ಲ. ಆದರೆ ಕಿಣ್ವವೂ ಪೂರ್ತಿಯಾಗಿ ಹಳೆಯ ಜಗತ್ತಿನಿಂದ ಹೊರಬಂದಿಲ್ಲ. ಗ್ಲೂಕೋಸ್ ಆಕ್ಸಿಡೇಸ್ ಕಿಣ್ವವು ಗ್ಲೂಕೋಸನ್ನು ನಿಖರವಾಗಿ ಆರಿಸಿಕೊಂಡು ಹೈಡ್ರೋಜನ್ ಪೆರಾಕ್ಸೈಡನ್ನು ಉಂಟುಮಾಡುತ್ತದೆ. ಆಮೇಲೆ ಆ ಪೆರಾಕ್ಸೈಡ್ ಒಂದು ಬಣ್ಣದ ಪದಾರ್ಥವನ್ನು ಉತ್ಕರ್ಷಿಸಬೇಕು. ಅಲ್ಲಿ ಮತ್ತೆ ಎಲೆಕ್ಟ್ರಾನುಗಳದೇ ವ್ಯವಹಾರ. ಬೆನೆಡಿಕ್ಟ್ ದ್ರಾವಣದಲ್ಲಿ ಇಲ್ಲದ ಸಕ್ಕರೆಯನ್ನು ತೋರಿಸುವ ಅದೇ ವಿಟಮಿನ್ ಸಿ, ಪಟ್ಟಿಯ ಮೇಲೆ ಪೆರಾಕ್ಸೈಡಿನ ಕೆಲಸಕ್ಕೆ ಅಡ್ಡಬಂದು ಇರುವ ಸಕ್ಕರೆಯನ್ನು ಮರೆಮಾಡಬಲ್ಲದು. ಇನ್ನೊಂದು ಬಗೆಯ ಗ್ಲೂಕೋಮೀಟರ್ ಪಟ್ಟಿಗಳ ಕಿಣ್ವ ಮಾಲ್ಟೋಸನ್ನೂ ಗ್ಲೂಕೋಸೆಂದೇ ಎಣಿಸುತ್ತಿತ್ತು. ಐಕೋಡೆಕ್ಸ್‌ಟ್ರಿನ್ ಎಂಬ ಪದಾರ್ಥ ಬಳಸಿ ಹೊಟ್ಟೆಯ ಡಯಾಲಿಸಿಸ್ ಮಾಡಿಸಿಕೊಳ್ಳುವವರ ರಕ್ತದಲ್ಲಿ ಮಾಲ್ಟೋಸ್ ಇರುತ್ತದೆ. ಮೀಟರ್ ಹೆಚ್ಚು ತೋರಿಸಿತೆಂದು ಇನ್ಸುಲಿನ್ ಕೊಟ್ಟರೆ ಪ್ರಾಣಕ್ಕೇ ಅಪಾಯ. ಸಾವುಗಳು ವರದಿಯಾದ ಮೇಲೆ 2009ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಕೆ ಹೊರಡಿಸಿತು. ಪರೀಕ್ಷೆ ಹೊಸತಾದರೂ ಅದು ಕೇಳುವ ಪ್ರಶ್ನೆಯನ್ನು ಗಮನಿಸದವರಿಗೆ ಹಳೆಯ ಗುಂಡಿಯೇ ಕಾದಿರುತ್ತದೆ.

ಇನ್ನೂ ಮುಖ್ಯವಾದ ಉತ್ತರ ಬೇರೆ ಇದೆ. ವಿಶಾಲವಾದ ಪ್ರಶ್ನೆ ಕೆಲವೆಡೆ ದೋಷವಲ್ಲ, ಅದೇ ಬೇಕಾದದ್ದು. ಗ್ಯಾಲಕ್ಟೋಸೀಮಿಯ ಎಂಬ ಅಪರೂಪದ ಆನುವಂಶಿಕ ತೊಂದರೆಯಿರುವ ಹಸುಗೂಸಿಗೆ ತಾಯಿಯ ಹಾಲೇ ಸಲ್ಲುವುದಿಲ್ಲ. ಲ್ಯಾಕ್ಟೋಸಿನಿಂದ ಬಂದ ಗ್ಯಾಲಕ್ಟೋಸನ್ನು ಅರಗಿಸಿಕೊಳ್ಳಲಾಗದೆ ಪಿತ್ತಜನಕಾಂಗ ಹಾಳಾಗುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಆ ಮಗುವಿನ ಮೂತ್ರದೆದುರು ಗ್ಲೂಕೋಸ್ ಪಟ್ಟಿ ಏನೂ ಇಲ್ಲವೆನ್ನುತ್ತದೆ, ಬೆನೆಡಿಕ್ಟ್ ದ್ರಾವಣ ಬಣ್ಣ ಬದಲಿಸುತ್ತದೆ. ಎರಡರ ಈ ಭಿನ್ನಮತವೇ ವೈದ್ಯರಿಗೆ ಸಿಗುವ ಸುಳಿವು. ಅದೇ ತೀರ್ಪಲ್ಲ ನಿಜ. ಮಗುವಿಗೆ ಹಾಲು ನಿಲ್ಲಿಸಿ ಡ್ರಿಪ್ ಹಾಕಿದ್ದರೆ ಈ ಸುಳಿವೂ ಸಿಗದೆ ಹೋಗಬಹುದು, ಖಚಿತಪಡಿಸಲು ಕಿಣ್ವದ ಪರೀಕ್ಷೆ ಬೇಕೇ ಬೇಕು. ಆದರೆ ಗ್ಲೂಕೋಸನ್ನಷ್ಟೇ ಕಾಣುವ ಕಣ್ಣು ನೋಡದೆ ದಾಟಿಹೋಗುವುದನ್ನು ಎಲ್ಲವನ್ನೂ ಮಸುಕಾಗಿ ಕಾಣುವ ಕಣ್ಣು ಹಿಡಿಯಿತು. ಸಂಶೋಧನಾಲಯದಲ್ಲೂ ಹೀಗೆಯೇ. ಜೇಮ್ಸ್ ಸಮ್ನರ್ 1921ರಲ್ಲಿ ಮಧುಮೇಹಿಗಳ ಮೂತ್ರಕ್ಕೆಂದು ರೂಪಿಸಿದ ಡೈನೈಟ್ರೋಸ್ಯಾಲಿಸಿಲಿಕ್ ಆಮ್ಲದ ವಿಧಾನ ಇಂದು ಬದುಕಿರುವುದು ಕಿಣ್ವಗಳ ಅಧ್ಯಯನದಲ್ಲಿ. ಪಿಷ್ಟ ಅಥವಾ ಸೆಲ್ಯುಲೋಸಿನ ಸರಪಳಿಯನ್ನು ಕಿಣ್ವವೊಂದು ಕತ್ತರಿಸಿದಾಗಲೆಲ್ಲ ಒಂದು ಹೊಸ ಮುಕ್ತ ತುದಿ ಹುಟ್ಟುತ್ತದೆ. ಅಲ್ಲಿ ಯಾವ ಸಕ್ಕರೆ ಎಂಬುದು ಯಾರಿಗೂ ಬೇಡ, ಎಷ್ಟು ತುದಿ ಎಂಬುದೇ ಲೆಕ್ಕ.

ಬೆಲ್ಲದ ವಿಷಯದಲ್ಲೂ ಅಪಕರ್ಷಕ ಸಕ್ಕರೆಯ ಪ್ರಮಾಣ ನೇರವಾದ ಪ್ರಶ್ನೆಗೆ ನೇರವಾದ ಉತ್ತರ. ಕಬ್ಬು ಕಡಿದು ದಿನಗಟ್ಟಲೆ ಬಿಟ್ಟರೆ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಹುಳಿಯಾಗಿದ್ದರೆ, ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್‌ಗಳಾಗುತ್ತದೆ. ಇವು ಹೆಚ್ಚಿದ ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ, ಮಳೆಗಾಲದಲ್ಲಿ ತೇವ ಹೀರಿ ಒಸರುತ್ತದೆ. ಆಲೆಮನೆಯಲ್ಲಿ ಹಾಲಿಗೆ ಸುಣ್ಣ ಹಾಕುವುದರ ಹಿಂದಿನ ಒಂದು ಕಾರಣ ಈ ಹುಳಿಯನ್ನು ತಗ್ಗಿಸುವುದೇ. ಮೂಕ ಸುಕ್ರೋಸನ್ನೂ ತಾಮ್ರದಿಂದಲೇ ಅಳೆಯುವ ಉಪಾಯವಿದೆ. ಮೊದಲು ಹಾಗೆಯೇ, ಆಮೇಲೆ ಆಮ್ಲದಿಂದ ಒಡೆದು, ಎರಡು ಬಾರಿ ಅಳೆದು ವ್ಯತ್ಯಾಸವನ್ನು 0.95ರಿಂದ ಗುಣಿಸಿದರೆ ಸುಕ್ರೋಸಿನ ಪ್ರಮಾಣ ಸಿಗುತ್ತದೆ. ಒಡೆಯುವಾಗ ಸೇರಿಕೊಂಡ ನೀರಿನ ತೂಕವನ್ನು ಕಳೆಯುವ ಲೆಕ್ಕವದು.

ಎರಡನೆಯ ಆಕ್ಷೇಪ ಇದರ ಬೆನ್ನಿಗೇ ಬರುತ್ತದೆ: ಬೆಲ್ಲಕ್ಕೆ ಒಪ್ಪುವ ಅಳತೆ ಜೇನಿಗೂ ಒಪ್ಪಬೇಕಲ್ಲ, ಅದರ ಗುಣಮಟ್ಟದ ನಿಯಮದಲ್ಲೂ ಅಪಕರ್ಷಕ ಸಕ್ಕರೆ ಇಷ್ಟಕ್ಕಿಂತ ಕಡಿಮೆ ಇರಬಾರದೆಂಬ ಮಿತಿ ಇದೆಯಲ್ಲ? ಇಲ್ಲಿ ಪ್ರಶ್ನೆಯ ತೂಕ ಬೇರೆಯಾಗುತ್ತದೆ. ಬೆಲ್ಲದ ವಿಷಯದಲ್ಲಿ ನಮಗೆ ತಿಳಿಯಬೇಕಾದದ್ದು ಸುಕ್ರೋಸ್ ಎಷ್ಟು ಒಡೆದಿದೆ ಎಂಬುದು, ತಾಮ್ರ ಹೇಳುವುದೂ ಅದನ್ನೇ. ಜೇನಿನ ವಿಷಯದಲ್ಲಿ ತಿಳಿಯಬೇಕಾದದ್ದು ಅದು ಎಲ್ಲಿಂದ ಬಂತು ಎಂಬುದು. ಹೂವಿನ ಮಕರಂದದ ಸುಕ್ರೋಸನ್ನು ಜೇನುಹುಳು ತನ್ನ ಕಿಣ್ವದಿಂದ ಒಡೆದರೂ, ಕಾರ್ಖಾನೆ ಆಮ್ಲದಿಂದ ಒಡೆದರೂ ಸಿಗುವುದು ಅದೇ ಗ್ಲೂಕೋಸ್, ಅದೇ ಫ್ರಕ್ಟೋಸ್. ಅಕ್ಕಿಯ ಪಿಷ್ಟದಿಂದ ಮಾಡಿದ ಪಾಕವೂ ತಾಮ್ರಕ್ಕೆ ಎಲೆಕ್ಟ್ರಾನ್ ಕೊಡುತ್ತದೆ. ಕಲಬೆರಕೆ ಮಾಡಿದವರು ಈ ಮಿತಿಯನ್ನು ಸಲೀಸಾಗಿ ದಾಟುತ್ತಾರೆ. 2020ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಜೇನಿನ ಮಾದರಿಗಳನ್ನು ಜರ್ಮನಿಗೆ ಕಳಿಸಿ ಎನ್‌ಎಂಆರ್ ಪರೀಕ್ಷೆ ಮಾಡಿಸಿದಾಗ, ಇಲ್ಲಿಯ ಸಾಮಾನ್ಯ ಪರೀಕ್ಷೆಗಳಲ್ಲಿ ತೇರ್ಗಡೆಯಾದ ಬ್ರಾಂಡುಗಳಲ್ಲೂ ಹಲವು ಅಲ್ಲಿ ಅನುತ್ತೀರ್ಣವಾದವು. ತೇರ್ಗಡೆಯಾದದ್ದೂ ಸುಳ್ಳಲ್ಲ. ಆ ಪರೀಕ್ಷೆಗಳು ಕೇಳಿದ ಪ್ರಶ್ನೆ ಬೇರೆ, ಎನ್‌ಎಂಆರ್ ಕೇಳಿದ ಪ್ರಶ್ನೆ ಬೇರೆ ಅಷ್ಟೆ.

ಮೂರನೆಯ ಆಕ್ಷೇಪ ಮೇಷ್ಟ್ರುಗಳದು. ಹದಿನಾರು ಹದಿನೇಳರ ವಿದ್ಯಾರ್ಥಿಗಳಿಗೆ ಇಷ್ಟೆಲ್ಲ ಹೇಳುವುದು ಹೊರೆ, ಕೆಂಪು ಬಂದರೆ ಗ್ಲೂಕೋಸ್ ಎಂದು ಬರೆದುಕೊಂಡರೆ ಸದ್ಯಕ್ಕೆ ಸಾಕು, ಸೂಕ್ಷ್ಮಗಳು ಮುಂದೆ ತಿಳಿಯುತ್ತವೆ ಎಂಬುದು ಅವರ ವಾದ. ಸರಳೀಕರಣ ಇಲ್ಲದೆ ಪಾಠ ಸಾಗದು, ಒಪ್ಪೋಣ. ಆದರೆ ಸರಳವಾದದ್ದೂ ನಿಜವಾದದ್ದೂ ಆದ ವಾಕ್ಯ ಕೈಯಲ್ಲೇ ಇರುವಾಗ ಸುಳ್ಳು ಸರಳತೆಯನ್ನು ಆರಿಸಬೇಕಾದ ಅಗತ್ಯವಿಲ್ಲ. ಒಂದೇ ತರಗತಿಯಲ್ಲಿ ನಾಲ್ಕು ಪ್ರನಾಳಗಳನ್ನಿಟ್ಟು ಗ್ಲೂಕೋಸ್, ಹಾಲು, ಅಂಗಡಿಯ ಸಕ್ಕರೆ ಮತ್ತು ಒಂದು ವಿಟಮಿನ್ ಸಿ ಮಾತ್ರೆ ಕರಗಿಸಿ ಕುದಿಸಿದರೆ ಸಾಕು. ಸಿಹಿಯಾದ ಸಕ್ಕರೆ ನೀಲಿಯಾಗಿಯೇ ಉಳಿದು ಹುಳಿಯಾದ ಮಾತ್ರೆ ಕೆಂಪು ತರಿಸಿದ್ದನ್ನು ಕಂಡ ವಿದ್ಯಾರ್ಥಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ. ಹಳೆಯ ಆಸ್ಪತ್ರೆಗಳ ಪ್ರಯೋಗಾಲಯದಲ್ಲಿ ಎಚ್ಚರದಿಂದ ಕೆಲಸ ಮಾಡಿದವರು ಮೂತ್ರದ ವರದಿಯಲ್ಲಿ 'ಸಕ್ಕರೆ' ಎಂದು ಬರೆಯದೆ 'ಅಪಕರ್ಷಕ ಪದಾರ್ಥಗಳು ಕಂಡುಬಂದಿವೆ' ಎಂದು ಬರೆಯುತ್ತಿದ್ದರು. ರೋಗಿಗೆ ಅರ್ಥವಾಗದ, ವೈದ್ಯರಿಗೂ ಕೊಂಚ ರೇಜಿಗೆ ತರಿಸುವ ಮಾತದು. ಆದರೆ ಆ ಮೂರೇ ಪದಗಳಲ್ಲಿ ದ್ರಾವಣ ಹೇಳಿದ್ದೆಲ್ಲ ಇದೆ, ಅದು ಹೇಳದ್ದು ಒಂದೂ ಇಲ್ಲ.